ಒರೆಗಲ್ಲಿನ ನೆಲಮಾಳಿಗೆ

ಅವನ ಕಸುಬು ಹಲ್ಲು ಕಟ್ಟುವುದು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಇವನು ಪ್ಲಾಸ್ಟರಿನಲ್ಲಿ ದವಡೆ ಎರೆದು, ಮೇಣದಲ್ಲಿ ಒಸಡು ತಿದ್ದಿ, ಒಂದೊಂದೇ ಹಲ್ಲು ಕೂರಿಸಿ ಸೆಟ್ಟು ಮಾಡಿ ವಾಪಸು ಕಳಿಸುತ್ತಾನೆ. ಕೈ ಚೆನ್ನಾಗಿತ್ತು, ಅದನ್ನು ಇಲ್ಲವೆನ್ನುವಂತಿಲ್ಲ. ಆದರೆ ಯಾವುದಾದರೂ ಸೆಟ್ಟು ಚುಚ್ಚುತ್ತದೆ ಅಂತ ವಾಪಸು ಬಂತೋ, "ಹಲ್ಲು ಸರಿಯಾಗೇ ಇದೆ, ಬಾಯಿ ಸರಿ ಇಲ್ಲ" ಎನ್ನುತ್ತಿದ್ದ. ತಮಾಷೆಗಲ್ಲ, ನಿಜವಾಗಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಅನ್ನುವ ಗಾದೆಯನ್ನು ಬೇರೆಯವರ ಮೇಲೆ ಧಾರಾಳವಾಗಿ ಎಸೆಯುವ ಈ ಮಹಾಶಯನಿಗೆ, ಅದು ತನಗೂ ಅನ್ವಯಿಸೀತು ಎಂಬ ಅನುಮಾನ ಕನಸಿನಲ್ಲೂ ಬಂದಿರಲಿಲ್ಲ.

ಹಲ್ಲು ಹೊಟ್ಟೆಪಾಡಿಗೆ. ಜೀವ ಇದ್ದದ್ದು ಬೇರೆ ಕಡೆ, ಒಂದು ಹಳೆಯ ಕಂಪ್ಯೂಟರ್ ಆಟದಲ್ಲಿ. ಅವನು ಕಾಲೇಜಿನಲ್ಲಿದ್ದಾಗ ಬಂದ ಆಟ ಅದು. ಆಡುವವನೇ ಮಾಂತ್ರಿಕ. ತೆರೆಯ ಮೇಲೆ ಕಾಣುವುದು ಮಂತ್ರದಂಡ ಹಿಡಿದ ಅವನ ಕೈ ಮಾತ್ರ. ಕತ್ತಲ ಕೋಟೆಗಳು, ರೆಕ್ಕೆಯ ಪಿಶಾಚಿಗಳು, ರುಂಡವಿಲ್ಲದ ಸಿಪಾಯಿಗಳು, ಬಣ್ಣಬಣ್ಣದ ಬಾಗಿಲುಗಳು, ಆಯಾ ಬಾಗಿಲಿಗೆ ಆಯಾ ಬಣ್ಣದ ಕೀಲಿ. ಆಟ ಮಾಡಿದ ಕಂಪನಿ ಅದನ್ನು ಎಂದೋ ಮರೆತಿತ್ತು. ಮರೆಯದವರು ಅಭಿಮಾನಿಗಳು. ತಾವೇ ಆಟಕ್ಕೆ ಹೊಸ ಹೊಸ ಕೋಟೆಗಳನ್ನು, ಅಂದರೆ ಲೆವೆಲ್‌ಗಳನ್ನು ಕಟ್ಟಿ ಒಂದು ಜಾಲತಾಣದಲ್ಲಿ ಪುಕ್ಕಟೆಯಾಗಿ ಹಾಕುತ್ತಿದ್ದರು. ಉಳಿದವರು ಆಡಿ, ಕೆಳಗೆ ಅಭಿಪ್ರಾಯ ಬರೆಯುತ್ತಿದ್ದರು.

ಆ ತಾಣದಲ್ಲಿ ಇವನು ತನಗೆ ತಾನೇ ಇಟ್ಟುಕೊಂಡ ಹೆಸರು ಒರೆಗಲ್ಲು. ಚಿನ್ನ ಯಾವುದು, ಹಿತ್ತಾಳೆ ಯಾವುದು ಅಂತ ತಾನೇ ಹೇಳಬೇಕಂತೆ. ಬೆನ್ನ ಹಿಂದೆ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ಮೊಸರುಗಲ್ಲು ಅಂತ. ಮೊಸರಲ್ಲಿ ಕಲ್ಲು ಹುಡುಕುವವನಿಗೆ ಇನ್ನೇನು ಹೆಸರಿಟ್ಟಾರು? ಔಷಧಿ ಅಂಗಡಿಯವನೊಬ್ಬ ರಜೆಯೆಲ್ಲ ಕೂತು ತನ್ನ ಮೊದಲ ಲೆವೆಲ್ ಕಟ್ಟಿ ಹಾಕಿದಾಗ ಒರೆಗಲ್ಲು ಬರೆದದ್ದು ಹೀಗೆ: "ಮೆಟ್ಟಿಲು ಹತ್ತಿದೆ, ಇಳಿದೆ, ಮತ್ತೆ ಹತ್ತಿದೆ. ಮೊಣಕಾಲಿಗೆ ವ್ಯಾಯಾಮ, ಬುದ್ಧಿಗೆ ರಜೆ." ಇನ್ನೊಬ್ಬಳಿಗೆ ಬರೆದದ್ದು: "ನಮ್ಮ ಬಚ್ಚಲುಮನೆಯನ್ನು ಯಾರಾದರೂ ಕೋಟೆ ಅಂದರೆ ನಾನು ಒಪ್ಪುವುದಿಲ್ಲ. ಇದನ್ನೂ ಅದೇ ಕಾರಣಕ್ಕೆ ಒಪ್ಪುತ್ತಿಲ್ಲ." ಅವಳು ಆಮೇಲೆ ಏನನ್ನೂ ಕಟ್ಟಲಿಲ್ಲ. ಅದನ್ನು ಅವನು ಆಟಕ್ಕೆ ಮಾಡಿದ ಸೇವೆ ಎಂಬಂತೆ ಹೆಂಡತಿಯ ಮುಂದೆ ಹೇಳಿಕೊಂಡಿದ್ದ. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. "ಒಬ್ಬರ ಕೈ ಮುರಿದು ಬಂದ್ರಿ ಅಂತಾಯ್ತು," ಅಂದಿದ್ದಳು.

ಇಷ್ಟೆಲ್ಲ ಅನ್ನುವವನು ಸ್ವಂತದ್ದೇನಾದರೂ ಕಟ್ಟಿದ್ದನೋ? ಕಟ್ಟಿದ್ದ, ಕಟ್ಟುತ್ತಲೇ ಇದ್ದ. ಮದುವೆಗೆ ಮುಂಚೆ ಶುರುವಾದ ಒಂದು ಕೋಟೆ, ಮದುವೆಯಾಗಿ ತಲೆಗೂದಲು ತೆಳ್ಳಗಾಗುವ ಹೊತ್ತಿಗೂ ಮುಗಿದಿರಲಿಲ್ಲ. ಯಾರಿಗೂ ತೋರಿಸಿರಲಿಲ್ಲ. "ಹಂದಿಗೇನು ಗೊತ್ತು ಹೂವಿನ ವಾಸನೆ" ಅನ್ನುತ್ತಿದ್ದ. ಈಚೆಗೆ ತಾಣದಲ್ಲಿ ಕೆಲವರು ಬಾಯಿಬಿಟ್ಟೇ ಕೇಳತೊಡಗಿದ್ದರು: "ಸಾಹೇಬರೇ, ನಿಮ್ಮ ಕೋಟೆ ಯಾವಾಗ? ಅಥವಾ ಬರೀ ನಾಲಿಗೆಯಲ್ಲೇ ಕಟ್ಟಿದ್ದೀರಾ?" ಅವನಿಗೆ ಅದು ನಾಟಿತ್ತು. ನಾಟಿದ್ದನ್ನು ತೋರಿಸಿಕೊಳ್ಳಲಿಲ್ಲ, ಅಷ್ಟೆ.

ಹೀಗಿರುವಾಗ ದೊಡ್ಡಮ್ಮ ಒಂದು ಪ್ರಕಟಣೆ ಹಾಕಿದಳು. ತಾಣವನ್ನು ನಡೆಸುವ ಹಿರಿಯ ಹೆಂಗಸು ಅವಳು. ಅವಳ ನಿಜವಾದ ಹೆಸರು ಯಾರಿಗೂ ಬೇಕಾಗಿರಲಿಲ್ಲ, ಎಲ್ಲರಿಗೂ ದೊಡ್ಡಮ್ಮನೇ. ಇಷ್ಟು ವರ್ಷಗಳಲ್ಲಿ ಅಭಿಮಾನಿಗಳು ಕಟ್ಟಿದ್ದರಲ್ಲಿ ಒಂಬತ್ತು ಉತ್ತಮ ಲೆವೆಲ್‌ಗಳ ಸಂಗ್ರಹವೊಂದನ್ನು ತರುತ್ತಾಳಂತೆ. ಎಂಟು ಆಯ್ಕೆಯಾಗಿವೆ, ಒಂಬತ್ತನೆಯ ಜಾಗ ಖಾಲಿ ಇದೆ, ತಿಂಗಳ ಕೊನೆಯೊಳಗೆ ಕಳಿಸಿ. ಒರೆಗಲ್ಲಿಗೆ ಆ ಜಾಗ ಬೇಕಿತ್ತು. ಸಿಕ್ಕಿದರೆ ಅವನು ಇಲ್ಲಿಯವರೆಗೆ ಬರೆದ ಪ್ರತಿ ಬೈಗುಳಕ್ಕೂ ಬೆಲೆ ಬರುತ್ತಿತ್ತು. ಸಿಗದಿದ್ದರೆ ಅವನು ಬರೀ ಬಾಯಿಬಡುಕ. ಅದು ಅವನಿಗೂ ಗೊತ್ತಿತ್ತು.

ಆದರೆ ದೊಡ್ಡಮ್ಮನ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಅದರ ಹೆಸರು ಮೊದಲ ಆಟ. ಲೆವೆಲನ್ನು ಎಂದೂ ನೋಡಿರದ ಒಬ್ಬರು ಅದನ್ನು ಆಡಬೇಕು. ತೆರೆಯ ಮೇಲಿನದ್ದೂ ಕೋಣೆಯ ಮಾತೂ ಎರಡೂ ರೆಕಾರ್ಡ್ ಆಗಬೇಕು. ಕಟ್ಟಿದವರು ಹಿಂದೆ ಕೂತು ನೋಡಬಹುದು, ತುಟಿ ಪಿಟಕ್ ಅನ್ನಬಾರದು. ಸುಳಿವು ಕೊಡಬಾರದು, ಕೆಮ್ಮಬಾರದು, ನಿಟ್ಟುಸಿರೂ ಬಿಡಬಾರದು. ಕೊನೆಗೆ ಆಡಿದವರು ನಾಲ್ಕು ಮಾತು ಹೇಳಬೇಕು. ಒಂದು ಚೂರೂ ಕತ್ತರಿಸದೆ ಆ ರೆಕಾರ್ಡನ್ನು ಲೆವೆಲ್ ಜೊತೆ ಕಳಿಸಬೇಕು. "ಅಡುಗೆ ಮಾಡಿದವರು ಎಲೆಯ ಪಕ್ಕ ನಿಂತು ಚೆನ್ನಾಗಿದೆಯಲ್ಲವೇ ಎಂದು ಕೇಳಿದರೆ ಯಾರು ತಾನೇ ಇಲ್ಲ ಎಂದಾರು?" ಎಂದು ದೊಡ್ಡಮ್ಮ ಬರೆದಿದ್ದಳು. ಒಬ್ಬ ಮನುಷ್ಯ ಒಂದು ಲೆವೆಲಿಗೆ ಒಂದೇ ಸಲ ಹೊಸಬನಾಗಬಲ್ಲ. ಆದ್ದರಿಂದ ಮೊದಲ ಆಟ ಆಡುವವರನ್ನು ಎಲ್ಲರೂ ಹುಷಾರಾಗಿ ಆರಿಸುತ್ತಿದ್ದರು.

ಒರೆಗಲ್ಲಿಗೆ ಆರಿಸಲು ಯಾರಿದ್ದರು? ತಾಣದಲ್ಲಿ ಅವನ ಮುಖ ನೋಡುವವರಿರಲಿಲ್ಲ. ಕೆಲಸದ ಜಾಗದಲ್ಲಿ ಅವನು ಪ್ಲಾಸ್ಟರ್ ಕಲಸುವವನ ಜೊತೆಗೂ ಮಾತು ಬಿಟ್ಟಿದ್ದ. ಹೆಂಡತಿ ಕೇಳುವ ಮೊದಲೇ ಕೈ ಮುಗಿದಳು. ಉಳಿದವನು ಹೆಂಡತಿಯ ತಮ್ಮ.

ಈ ಭಾವಮೈದ ಚಪ್ಪಲಿ ಅಂಗಡಿಯಲ್ಲಿ ಸೇಲ್ಸ್‌ಮನ್. ದಿನವಿಡೀ ಬಗ್ಗಿ ಕೂತು ಗಿರಾಕಿಗಳ ಪಾದಕ್ಕೆ ಶೂ ತೊಡಿಸಿ, ಬಿಗಿಯಾಯಿತೆಂದರೆ ಇನ್ನೊಂದು ಡಬ್ಬ ತರಲು ಏಣಿ ಹತ್ತುವ ಕೆಲಸ. "ಊರವರ ಕಾಲು ಹಿಡಿದು ಬದುಕೋನು" ಅಂತ ಒರೆಗಲ್ಲು ಅವನ ಎದುರಿಗೇ ಹೇಳುತ್ತಿದ್ದ. ಹೆಸರು ಹಿಡಿದು ಕರೆದದ್ದು ಕಡಿಮೆ, ಕರೆಯುತ್ತಿದ್ದದ್ದು ಮಂಕ ಅಂತ. ಮಂಕ ನಗುತ್ತಿದ್ದ. ಬೈದರೂ ನಗುವವನನ್ನು ಒರೆಗಲ್ಲು ಇನ್ನಷ್ಟು ಕೀಳಾಗಿ ಕಾಣುತ್ತಿದ್ದ. ಹುಡುಗನಾಗಿದ್ದಾಗ ಮಂಕನೂ ಆ ಆಟ ಆಡಿದ್ದವನೇ. ಆದ್ದರಿಂದ ಕೆಲಸಕ್ಕೆ ಬರುತ್ತಾನೆ ಅನ್ನಿಸಿತು. ಫೋನಿನಲ್ಲಿ ಕೇಳಿದಾಗ ಮಂಕನಿಗೆ ಆದ ಖುಷಿ ಹೇಳತೀರದು.

"ನಾನಾ ಭಾವ? ನನ್ನನ್ನ ಕರೀತಿದೀರಾ?"

"ಬೇರೆ ಯಾರೂ ಸಿಗಲಿಲ್ಲ," ಅಂದ ಒರೆಗಲ್ಲು.

ಭಾನುವಾರ ಊಟವಾದ ಮೇಲೆ ಮಂಕ ಬಂದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮದುವೆಗೆ ಹೊರಟವನ ಹಾಗೆ. ಮಲಗುವ ಕೋಣೆಯ ಅರ್ಧ ಭಾಗ ಒರೆಗಲ್ಲಿನ ಸಾಮ್ರಾಜ್ಯ. ಕಿಟಕಿಗೆ ತಾಗಿ ಮೇಜು, ಮೇಜಿನ ಮೇಲೆ ಕಂಪ್ಯೂಟರು, ಅದರ ಪಕ್ಕ ಬಣ್ಣ ನೋಡಲು ತಂದ ಹಲ್ಲುಗಳ ಮಾದರಿ ಪಟ್ಟಿ. ಮಂಚದ ಮೇಲೆ ಹೆಂಡತಿ ಒಗೆದ ಬಟ್ಟೆಯ ರಾಶಿ ಹಾಕಿಕೊಂಡು ಮಡಚುತ್ತಾ ಕೂತಳು. ಒರೆಗಲ್ಲು ನಿಯಮಗಳನ್ನೆಲ್ಲ ಹೇಳಿ, ರೆಕಾರ್ಡ್ ಒತ್ತಿ, ಹಿಂದಿನ ಸ್ಟೂಲಿನ ಮೇಲೆ ಕೈಕಟ್ಟಿ ಕೂತ.

ಮಾಂತ್ರಿಕ ಒಂದು ನೆಲಮಾಳಿಗೆಯಲ್ಲಿ ಕಣ್ಣು ಬಿಟ್ಟ. ಸುತ್ತ ಪಾಚಿ ಹಿಡಿದ ಕಲ್ಲು, ಗೋಡೆಗೆ ಒರಗಿಸಿದ ಪೀಪಾಯಿಗಳು, ಮೂಲೆಯಲ್ಲೊಂದು ದೀವಟಿಗೆ, ಎದುರಿಗೆ ದೊಡ್ಡ ಕಂಚಿನ ಬಾಗಿಲು.

"ಅಬ್ಬಾ, ಪಾಚಿ ನೋಡಕ್ಕ! ಕೈ ಇಟ್ರೆ ಜಾರತ್ತೆ ಅನ್ಸತ್ತೆ," ಅಂದ ಮಂಕ. ಬಾಗಿಲ ಬಳಿ ಹೋದ. ತೆರೆಯ ಮೇಲೆ ಅಕ್ಷರ ಮೂಡಿತು. "ಹಳದಿ ಕೀ ಬೇಕಂತೆ."

ಹುಡುಕತೊಡಗಿದ. ಎಡಗಡೆಯ ಗೋಡೆಯಿಂದ ಶುರುಮಾಡಿ ಪೀಪಾಯಿ ಪೀಪಾಯಿಯ ಹಿಂದೆ ಇಣುಕಿದ. ಒರೆಗಲ್ಲು ಹಿಂದೆ ಕೂತು ಹಲ್ಲು ಕಚ್ಚಿದ. ನೋಡು ನೋಡು, ಕಣ್ಣಿದ್ದೂ ಕುರುಡ! ಕೋಣೆಯೊಂದನ್ನು ದಾಟಲಾರದವನು ಕೋಟೆ ಗೆಲ್ಲುತ್ತಾನಂತೆ. ಇವನ ತಲೆಯಲ್ಲಿರುವುದು ಮಿದುಳೋ ಚಪ್ಪಲಿಗೆ ಹಾಕುವ ಸ್ಪಂಜೋ? ಬಾಯಿಯವರೆಗೆ ಬಂದ ಬೈಗುಳಗಳನ್ನೆಲ್ಲ ನುಂಗಿ ನುಂಗಿ ಅವನ ಗಂಟಲು ನೋಯಹತ್ತಿತು. ಮಂಕ ಒಂದು ಸುತ್ತು ಮುಗಿಸಿ, ಎರಡನೆಯ ಸಲ ಕಂಚಿನ ಬಾಗಿಲ ಮುಂದೆ ಬಂದು ನಿಂತ.

"ಹಳದಿ ಕೀ ಬೇಕಂತೆ," ಅಂತ ಮತ್ತೆ ಓದಿದ.

ಅಯ್ಯೋ ಪೆದ್ದೇ, ಕೀಲಿ ಅಲ್ಲೇ ಇದೆಯಲ್ಲ ಅಂತ ಒರೆಗಲ್ಲು ಮನಸ್ಸಿನಲ್ಲೇ ಅಂದುಕೊಂಡ. ಅಲ್ಲೇ ಅಂದರೆ? ನದಿ ಬಾಗಿಲಿನ ಕಲ್ಲುಪೀಠದ ಮೇಲೆ. ನದಿ ಬಾಗಿಲು ಇರುವುದು ಎಲ್ಲಿ? ಈ ಕಂಚಿನ ಬಾಗಿಲಿನ ಆಚೆ.

ಅವನು ಸ್ಟೂಲಿನಿಂದ ಅರ್ಧ ಎದ್ದು, ಮತ್ತೆ ಕೂತ.

ಆಗಿದ್ದು ಇಷ್ಟು. ಮೊದಮೊದಲು ಅವನ ಕೋಟೆ ಶುರುವಾಗುತ್ತಿದ್ದದ್ದು ನದಿ ಬಾಗಿಲಿನಲ್ಲಿ. ಅಲ್ಲಿ ಕೀಲಿ ಎತ್ತಿಕೊಂಡು ಬಂದರೆ ಈ ನೆಲಮಾಳಿಗೆ ತೆರೆಯುತ್ತಿತ್ತು. ಒಳಗೊಂದು ಮದ್ದಿನ ಸೀಸೆ ಇರುತ್ತಿತ್ತು, ಅಷ್ಟೆ. ಎಷ್ಟೋ ವರ್ಷದ ಮೇಲೆ ಅವನಿಗೆ ಆ ಆರಂಭ ತೀರಾ ಮೃದುವಾಯಿತು ಅನ್ನಿಸಿತು. ಆಡುವವರಿಗೆ ಇಷ್ಟು ಸಲಿಗೆ ಯಾಕೆ, ಬಂದಿಗಳ ಹಾಗೆ ಕತ್ತಲಲ್ಲಿ ಬಿದ್ದು ಏಳಲಿ ಅಂತ ಆರಂಭವನ್ನು ನೆಲಮಾಳಿಗೆಯ ಒಳಗೆ ತಂದಿಟ್ಟ. ಬಾಗಿಲು ಹಾಗೇ ಉಳಿಯಿತು. ಕೀಲಿ ಹೊರಗೇ ಉಳಿಯಿತು. ಮತ್ತೆ ಇಷ್ಟು ಕಾಲ ಗೊತ್ತಾಗಲಿಲ್ಲವೇ ಎಂದರೆ, ಲೆವೆಲ್ ಕಟ್ಟುವವರಿಗೆಲ್ಲ ಒಂದು ಚಟವಿದೆ. ಒಂದು ಗುಪ್ತ ಪದ ಒತ್ತಿದರೆ ಗೋಡೆಗಳೆಲ್ಲ ಗಾಳಿಯಾಗಿ, ಎಲ್ಲಿಂದ ಎಲ್ಲಿಗೆ ಬೇಕಾದರೂ ತೂರಿಕೊಂಡು ಹೋಗಬಹುದು. ಒರೆಗಲ್ಲು ಪ್ರತಿ ಸಲವೂ ಹಾಗೇ ತೂರಿ, ಕೆಲಸ ನಡೆಯುತ್ತಿದ್ದ ಗೋಪುರಕ್ಕೋ ಸೇತುವೆಗೋ ಹೋಗುತ್ತಿದ್ದ. ತಾನು ಕಟ್ಟಿದ ಮನೆಯ ಬಾಗಿಲಿನಿಂದ ಒಂದು ಸಲವೂ ನಡೆದು ಹೋದವನಲ್ಲ.

ಈಗ ಬಾಯಿ ತೆರೆದರೆ ಮೊದಲ ಆಟ ಕೆಡುತ್ತದೆ. ತೆರೆಯದಿದ್ದರೆ ಆಟ ಈ ಕೋಣೆ ಬಿಟ್ಟು ಹೋಗುವುದೇ ಇಲ್ಲ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವನ ಹಾಗೆ, ನುಂಗಲೂ ಆಗದೆ ಉಗುಳಲೂ ಆಗದೆ ಅವನು ಕೂತ. ನಿಯಮಕ್ಕೆ ಮರ್ಯಾದೆ ಕೊಟ್ಟು ಕೂತನೆಂದು ಯಾರೂ ತಿಳಿಯಬೇಡಿ. ತಪ್ಪು ತನ್ನದು ಎಂಬ ಎರಡು ಶಬ್ದ ಅವನ ಬಾಯಿಗೆ ರೂಢಿಯಿರಲಿಲ್ಲ.

ಮಂಕನ ತಾಳ್ಮೆ ದೊಡ್ಡದು. ಬೆಳಗಿನಿಂದ ಸಂಜೆಯವರೆಗೆ ಒಬ್ಬಳೇ ಗಿರಾಕಿಗೆ ಅಂಗಡಿಯ ಅರ್ಧ ಡಬ್ಬ ತೆಗೆದು ತೋರಿಸಿ, ಅವಳು ಬರಿಗೈಯಲ್ಲಿ ಹೋದರೂ "ಮತ್ತೆ ಬನ್ನಿ" ಅನ್ನುವವನು. ಅವನು ಕಲ್ಲು ಕಲ್ಲನ್ನೂ ಮುಟ್ಟಿ ನೋಡಿದ. ದೀವಟಿಗೆಯನ್ನು ಹೊಡೆದು ನೋಡಿದ. ಪೀಪಾಯಿಗಳ ಮೇಲೆ ಹತ್ತಿ, ಹಾರಿ, ಬಿದ್ದು, ನೆಲದ ಚಪ್ಪಡಿಗಳನ್ನು ಸಾಲಾಗಿ ತುಳಿದು ಬಂದ. "ಇಲ್ಲೇ ಎಲ್ಲೋ ಇಟ್ಟಿರ್ತಾರೆ ಭಾವ, ಅವರು ಸುಮ್ನೆ ಬಾಗಿಲು ಇಡಲ್ಲ," ಅಂತ ತನಗೆ ತಾನೇ ಹೇಳಿಕೊಂಡ. ಬಿಸಿಲು ಮೇಜಿನಿಂದ ಜಾರಿ ಮಂಚದ ಕಾಲಿಗೆ ಬಂತು. ಹೆಂಡತಿ ಬಟ್ಟೆ ಮಡಚಿ ಮುಗಿಸಿ, ಚಹಾ ಮಾಡಿ ತಂದಳು. ಮಂಕನ ಚಹಾ ಆರಿ ಕೆನೆ ಕಟ್ಟಿತು.

"ಸುಳಿವು ಕೊಡಬಾರ್ದಾ?" ಅಂದಳು ಗಂಡನಿಗೆ.

ಒರೆಗಲ್ಲು ತುಟಿಯ ಮೇಲೆ ಬೆರಳಿಟ್ಟು ಕಣ್ಣು ಕೆಕ್ಕರಿಸಿದ.

ಕೊನೆಗೆ ಮಂಕ ಮೌಸ್ ಬಿಟ್ಟು, ಕುರ್ಚಿ ತಿರುಗಿಸಿದ. ಕಿವಿಯವರೆಗೂ ಕೆಂಪಾಗಿದ್ದ. "ನನ್ನ ಕೈಲಿ ಆಗ್ಲಿಲ್ಲ ಭಾವ. ಎಷ್ಟು ವರ್ಷದ ಕೆಲ್ಸ ನಿಮ್ದು. ನಂಬಿ ಕರೆದ್ರಿ. ಮೊದಲನೇ ಬಾಗಿಲೇ ದಾಟೋಕಾಗ್ಲಿಲ್ಲ ನನಗೆ. ತಪ್ಪಾಯ್ತು ಭಾವ."

ರೆಕಾರ್ಡ್ ನಿಲ್ಲಿಸಲು ಒರೆಗಲ್ಲು ಮುಂದೆ ಬಗ್ಗಿದ. ನಿಲ್ಲಿಸಿದ. ಆಟ ಮುಗಿದಿತ್ತು, ನಿಯಮವೂ ಮುಗಿದಿತ್ತು. ಈಗ ಹೇಳಬಹುದಿತ್ತು.

"ಹೋಗ್ಲಿ ಬಿಡು," ಅಂದ. "ಎಲ್ಲರ ಕೈಲೂ ಆಗೋ ಕೆಲ್ಸ ಅಲ್ಲ."

ಮಂಕ ತಲೆ ತಗ್ಗಿಸಿಕೊಂಡು ಮನೆಗೆ ಹೋದ.

ಮಾರನೆಯ ದಿನ ಒರೆಗಲ್ಲು ಕೆಲಸದಿಂದ ಬಂದವನೇ ಕಂಪ್ಯೂಟರಿನ ಮುಂದೆ ಕೂತ. ತಿಂಗಳ ಕೊನೆ ಹತ್ತಿರವಿತ್ತು, ಇನ್ನೊಬ್ಬ ಹೊಸಬ ಸಿಗುವ ಆಸೆಯಿರಲಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಕೀಲಿಯನ್ನು ನೆಲಮಾಳಿಗೆಯೊಳಗೆ ಇಟ್ಟುಬಿಡುವುದು, ಮಂಕನನ್ನೇ ಕರೆದು ಮೊದಲ ಸಲ ನೋಡಿದವನ ಹಾಗೆ ಆಡಿಸುವುದು, ಹೊಸ ರೆಕಾರ್ಡ್ ಕಳಿಸುವುದು. ಕೀಲಿ ಮೊದಲಿಂದಲೂ ಅಲ್ಲೇ ಇತ್ತು, ನೀನು ನೋಡಲಿಲ್ಲ ಅಂದರೆ ಆ ಪೆದ್ದ ನಂಬುತ್ತಾನೆ. ಇದರಲ್ಲಿ ಇದ್ದದ್ದು ಒಂದೇ ತೊಡಕು. ಮಂಕ ನೋಡದೆ ಬಿಟ್ಟ ಮೂಲೆಯೊಂದು ಬೇಕಿತ್ತು.

ಹಳೆಯ ರೆಕಾರ್ಡ್ ಹಾಕಿಕೊಂಡು ನೋಡಿದ. ಪೀಪಾಯಿಯ ಹಿಂದೆ? ನೋಡಿದ್ದಾನೆ. ಮೆಟ್ಟಿಲ ಕೆಳಗೆ? ಅಲ್ಲೂ ಇಣುಕಿದ್ದಾನೆ. ಮುರಿದ ಕಲ್ಲಿನ ಸಂದು? ಎರಡು ಸಲ. ಒರೆಗಲ್ಲು ನೋಡುತ್ತಾ ಹೋದ ಹಾಗೆ ಅವನ ಸಿಟ್ಟು ಏರುತ್ತಾ ಹೋಯಿತು. ಮಂಕನ ಮೇಲೇ ಸಿಟ್ಟು! ಒಂದಾದರೂ ಜಾಗವನ್ನು ಬಿಡಬಾರದಿತ್ತೇ ಈ ಅವಿವೇಕಿ? ಪೆದ್ದನಾದವನು ಪೆದ್ದನ ಹಾಗೆ ಅಲ್ಲಿ ಇಲ್ಲಿ ನೋಡಿ ಕೈಬಿಡಬೇಕು. ಇವನು ಕೋಣೆಯ ಇಂಚು ಇಂಚನ್ನೂ ಗುಡಿಸಿ ಇಟ್ಟಿದ್ದಾನೆ, ಸುಳ್ಳೊಂದನ್ನು ಇಡಲು ಬೆರಳಗಲ ಜಾಗ ಬಿಟ್ಟಿಲ್ಲ.

ಕೊನೆಗೆ ಒರೆಗಲ್ಲು ಛಾವಣಿಯ ಕೆಳಗೆ ಹೊಸದಾಗಿ ಒಂದು ಮರದ ತೊಲೆ ಎಳೆದು, ಅದರ ಮೇಲೆ ಹಳದಿ ಕೀಲಿಯನ್ನು ಇಟ್ಟ. ತಲೆ ಎತ್ತಿದರೆ ಮಾತ್ರ ಕಾಣುವಂತೆ. ಡ್ಯೂಟಿಗೆ ಹೊರಟಿದ್ದ ಹೆಂಡತಿ ತಲೆ ಬಾಚಿಕೊಳ್ಳುತ್ತಾ ಹಿಂದೆ ಬಂದು ನಿಂತಿದ್ದಳು.

"ಏನ್ರೀ ಅದು?"

"ಸಣ್ಣ ರಿಪೇರಿ. ನಿನಗೆ ಅರ್ಥ ಆಗಲ್ಲ."

ಅವಳು ತೆರೆಯನ್ನು ನೋಡಿದಳು, ಹಳದಿ ಕೀಲಿಯನ್ನು ನೋಡಿದಳು, ಗಂಡನ ಕುತ್ತಿಗೆಯನ್ನು ನೋಡಿದಳು. ಅವತ್ತು ಮಧ್ಯಾಹ್ನ ತಮ್ಮ ಫೋನ್ ಮಾಡಿದ್ದ. "ಭಾವನ ಮುಖ ನೋಡೋಕೆ ನಾಚಿಕೆ ಆಗ್ತಿದೆ ಅಕ್ಕ. ಅಂಗಡೀಲೂ ಹೇಳ್ದೆ, ಎಲ್ಲ ನಕ್ರು," ಅಂದಿದ್ದ. ಅವಳು ಬ್ಯಾಗು ಹೆಗಲಿಗೆ ಹಾಕಿಕೊಂಡು ಹೋದಳು. ಆಟದ ವಿಷಯ ಅವಳಿಗೆ ತಿಳಿಯುವುದಿಲ್ಲ ಅಂತ ಒರೆಗಲ್ಲಿಗೆ ಪೂರಾ ನಂಬಿಕೆಯಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದು ಹೀಗೇ.

ಮುಂದಿನ ಭಾನುವಾರ ಮಂಕ ಮತ್ತೆ ಬಂದ. "ನೀನು ತಲೆ ಎತ್ತಿ ನೋಡ್ಲೇ ಇಲ್ಲ," ಅಂತ ಒರೆಗಲ್ಲು ಹೇಳಿದಾಗ ಹಣೆ ಚಚ್ಚಿಕೊಂಡ. "ಹೌದಲ್ವಾ! ದಿನಾ ಕೆಳಗೇ ನೋಡಿ ನೋಡಿ ಅಭ್ಯಾಸ ಆಗೋಗಿದೆ ಭಾವ."

"ಮೊದಲ ಸಲ ನೋಡ್ತಿರೋನ ಹಾಗೆ ಆಡು. ಕೊನೇಲಿ ಚೆನ್ನಾಗಿದೆ ಅಂತ ಎರಡು ಮಾತು ಹೇಳು, ಸಾಕು."

"ಹೋದ ವಾರದ್ದು?"

"ಅದು ಲೆಕ್ಕಕ್ಕಿಲ್ಲ."

ರೆಕಾರ್ಡ್ ಶುರುವಾಯಿತು. "ಓಹೋ, ಇದೇನಪ್ಪಾ ಇದು, ನೆಲಮಾಳಿಗೆ!" ಅಂತ ಮಂಕ ಗಂಟಲು ಸರಿಮಾಡಿಕೊಂಡು ಕೂಗಿದ. ಶಾಲೆಯ ನಾಟಕದಲ್ಲಿ ದ್ವಾರಪಾಲಕನ ಪಾತ್ರ ಸಿಕ್ಕವನ ಹಾಗಿತ್ತು. ಒರೆಗಲ್ಲು ಕಣ್ಣು ಮುಚ್ಚಿಕೊಂಡ. ಆದರೆ ಕೀಲಿ ಸಿಕ್ಕಿ, ಕಂಚಿನ ಬಾಗಿಲು ಗರಗರ ಮೇಲೆ ಸರಿದಾಗ ಮಂಕನ ನಾಟಕ ತಾನಾಗಿ ನಿಂತಿತು. ಎದುರಿಗೆ ನದಿ. ಕಪ್ಪು ನೀರು, ಅದರ ಮೇಲೆ ಬೆಳದಿಂಗಳು, ಆಚೆ ದಡದಲ್ಲಿ ದೀಪ ಹೊತ್ತಿದ ಒಂದೇ ಒಂದು ಕಿಟಕಿ. ಒರೆಗಲ್ಲು ಯಾರನ್ನೂ ಬೈಯದೆ ಇದ್ದ ಕಾಲದಲ್ಲಿ, ಬರೀ ಆಟದ ಮೇಲಿನ ಪ್ರೀತಿಗೆ ಕಟ್ಟಿದ ಜಾಗ ಅದು.

"ಇಲ್ಲಿಂದ್ಲೇ ಶುರು ಆಗಿದ್ರೆ ಎಷ್ಟು ಚೆನ್ನಾಗಿರ್ತಿತ್ತು," ಅಂದ ಮಂಕ ಮೆಲ್ಲಗೆ.

ಅಲ್ಲಿಂದ ಮುಂದಿನದು ಬೇರೆ ಕಥೆ. ಕಾಲಿಟ್ಟರೆ ಕುಸಿಯುವ ಸೇತುವೆ, ಮುಟ್ಟಿದರೆ ವಿಷ ಉಗುಳುವ ನಿಧಿಪೆಟ್ಟಿಗೆ, ಸರಿದಾರಿಯಂತೆ ಕಾಣುವ ನಾಲ್ಕು ತಪ್ಪುದಾರಿ. ಪ್ರತಿ ಸಾವಿಗೂ ತೆರೆಯ ಮೇಲೆ ಒಂದು ಮಾತು: "ಇಷ್ಟೂ ತಿಳಿಯಲಿಲ್ಲವೇ?" "ಮತ್ತೆ ಯೋಚಿಸು, ಬುದ್ಧಿ ಇದ್ದರೆ." ಮಂಕ ಬಿದ್ದ, ಸತ್ತ, ಎದ್ದ, ನಕ್ಕ. "ಅಕ್ಕ, ಥೇಟ್ ಭಾವ ಮಾತಾಡ್ದಂಗೇ ಇದೆ!" ಹೆಂಡತಿ ನಗಲಿಲ್ಲ. ಸಂಜೆಯಾಗುವ ಹೊತ್ತಿಗೆ ಅವನು ಕೋಟೆಯ ಕೊನೆಯ ಗೋಪುರ ಹತ್ತಿ, ಕೊನೆಯ ಪಿಶಾಚಿಯನ್ನು ಕೊಂದ. ಒರೆಗಲ್ಲಿಗೆ ಎದೆ ಹಗುರಾಯಿತು. ಒಂಬತ್ತನೆಯ ಜಾಗ ಕಣ್ಣಮುಂದೆ ಕುಣಿಯಿತು. ಕೊನೆಯ ಮಾತು ಹೇಳು ಅಂತ ಸನ್ನೆ ಮಾಡಿದ.

"ಲೆವೆಲ್ ತುಂಬಾ ಚೆನ್ನಾಗಿದೆ," ಅಂದ ಮಂಕ. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಗೆದ್ದ ಖುಷಿಯಲ್ಲಿ ಅವನ ಮನಸ್ಸು ತುಂಬಿ ಬಂದಿತ್ತು. "ಇನ್ನೊಂದು ಮಾತು ಹೇಳ್ಬೇಕು. ಹೋದ ವಾರ ಇದೇ ಕೋಣೇಲಿ ಕೂತು, ಕೀ ಸಿಗದೆ ಒದ್ದಾಡ್ದೆ ನಾನು. ನಮ್ಮ ಭಾವ ಸಿಟ್ಟಿನ ಮನುಷ್ಯ, ನಿಮಗೆಲ್ಲ ಗೊತ್ತಿರತ್ತೆ. ಆದ್ರೆ ಅವತ್ತು ಅವರು ಒಂದು ಮಾತೂ ಬೈಲಿಲ್ಲ. ಅಷ್ಟು ಹೊತ್ತು ನನ್ನ ಹಿಂದೆ ಸುಮ್ನೆ ಕೂತಿದ್ರು. ನಮ್ಮಕ್ಕನ ಮದುವೆ ಆದಾಗಿಂದ ನೋಡ್ತಿದೀನಿ, ಇಷ್ಟು ತಾಳ್ಮೆ ಅವರು ನನಗೆ ಯಾವತ್ತೂ ತೋರಿಸಿರ್ಲಿಲ್ಲ. ನಾನು ಅಂದ್ರೂ ಒಂದು ಬೆಲೆ ಇದೆ ಅವರಿಗೆ ಅಂತ ಅವತ್ತು ಗೊತ್ತಾಯ್ತು. ಅಷ್ಟೇ."

ಕುರ್ಚಿ ತಿರುಗಿಸಿ ಕೇಳಿದ: "ಸರಿಯಾಗಿ ಹೇಳಿದ್ನಾ ಭಾವ?"

ಒರೆಗಲ್ಲು ಇಂಗು ತಿಂದ ಮಂಗನಂತೆ ಕೂತಿದ್ದ. ಇದು ಮೊದಲ ಆಟ ಅಲ್ಲ ಅಂತ ಆಟಗಾರನೇ ತನ್ನ ಬಾಯಾರೆ ಹೇಳಿದ್ದಾನೆ, ಕತ್ತರಿಸುವಂತಿಲ್ಲ, ಹೋಯಿತು ಅಂತ ಅವನ ತಲೆ ಓಡುತ್ತಿತ್ತು. ಅವನಿಗೆ ಮೊದಲು ನೆನಪಾದದ್ದು ಅದು. ಅದನ್ನು ಬಚ್ಚಿಡಲು ನನಗೇನೂ ಕಾರಣವಿಲ್ಲ.

"ಕೀ ಇರ್ಲೇ ಇಲ್ಲ ಕಣೋ," ಅಂದಳು ಹೆಂಡತಿ ಮಂಚದ ಮೇಲಿಂದ.

"ಏನಕ್ಕ?"

"ಅವತ್ತು ಆ ಮಾಳಿಗೇಲಿ ಕೀನೇ ಇರ್ಲಿಲ್ಲ. ನೀನು ಹೋದ್ಮೇಲೆ ಇವರು ತೊಲೆ ಮಾಡಿ ಅದ್ರ ಮೇಲೆ ಇಟ್ರು. ನನ್ನ ಕಣ್ಣಾರೆ ನೋಡಿದೀನಿ. ಒಂದು ವಾರ ಕಾದೆ, ಇವತ್ತಾದ್ರೂ ಹೇಳ್ತಾರೇನೋ ಅಂತ."

ಮಂಕ ಭಾವನ ಮುಖ ನೋಡಿದ. "ಹೌದಾ ಭಾವ?"

"ಸಣ್ಣ ದೋಷ ಇತ್ತು. ಯಾರ ಲೆವೆಲಲ್ಲೂ ಇರತ್ತೆ."

"ಯಾವಾಗ ಗೊತ್ತಾಯ್ತು ನಿಮಗೆ?"

ಒರೆಗಲ್ಲು ಮೇಜಿನ ಮೇಲಿನ ಹಲ್ಲಿನ ಪಟ್ಟಿಯನ್ನು ಎತ್ತಿ ಇನ್ನೊಂದು ಕಡೆ ಇಟ್ಟ.

"ಹೇಳ್ರೀ," ಅಂದಳು ಹೆಂಡತಿ.

"ನೀನು ಎರಡನೇ ಸಲ ಬಾಗಿಲ ಹತ್ರ ಬಂದಾಗ."

ಮಂಕ ಯೋಚಿಸಿದ. ಎರಡನೆಯ ಸಲ ಬಾಗಿಲ ಹತ್ತಿರ ಬಂದದ್ದು ಬಿಸಿಲು ಇನ್ನೂ ಮೇಜಿನ ಮೇಲಿದ್ದಾಗ. ಆಮೇಲೆ ತಾನು ಪೀಪಾಯಿ ಹತ್ತಿದ್ದು, ಚಪ್ಪಡಿ ತುಳಿದದ್ದು, ಚಹಾ ಮರೆತದ್ದು, ಕೊನೆಗೆ ತಪ್ಪಾಯ್ತು ಅಂದದ್ದು ಎಲ್ಲ ಒಂದೊಂದಾಗಿ ಅವನ ಮುಖದ ಮೇಲೆ ಹಾದುಹೋದವು. ನಗು ಬರಲಿಲ್ಲ. ಅವನ ಮುಖ ನಗುವಿಲ್ಲದೆ ಹೇಗಿರುತ್ತದೆ ಅಂತ ಒರೆಗಲ್ಲು ನೋಡಿದ್ದು ಅದೇ ಮೊದಲು.

"ಮಾತಾಡಬಾರ್ದು ಅಂತ ನಿಯಮ ಇತ್ತಲ್ಲ," ಅಂದ ಒರೆಗಲ್ಲು.

"ಆಟ ಮುಗಿದ್ಮೇಲೆ?"

ಊರಿಗೆಲ್ಲ ತೀರ್ಪು ಕೊಟ್ಟವನು ತೆರೆಯ ಕಡೆ ಮುಖ ತಿರುಗಿಸಿದ.

ಮಂಕ ಎದ್ದ. ಬಾಗಿಲ ಬಳಿ ಹೋಗಿ, ಬಗ್ಗಿ, ತನ್ನ ಶೂ ಹಾಕಿಕೊಂಡು, ಲೇಸನ್ನು ಎಂದಿನಂತೆ ನೀಟಾಗಿ ಕಟ್ಟಿದ.

"ಅವತ್ತು ನೀವು ಬೈದಿದ್ರೇ ಚೆನ್ನಾಗಿತ್ತು ಭಾವ," ಅಂದ, ತಲೆ ಎತ್ತದೆ. "ಬೈಸ್ಕೊಂಡು ನನಗೆ ಅಭ್ಯಾಸ ಇದೆ."

ಅಕ್ಕ ಅವನನ್ನು ಬಸ್ಸಿಗೆ ಬಿಟ್ಟು ಬರಲು ಜೊತೆಗೆ ಹೋದಳು. ಯಂತ್ರ ಇನ್ನೂ ರೆಕಾರ್ಡ್ ಮಾಡುತ್ತಲೇ ಇತ್ತು. ಒರೆಗಲ್ಲು ಎದ್ದು ಅದನ್ನು ನಿಲ್ಲಿಸಿ, ಆ ರೆಕಾರ್ಡನ್ನೇ ಅಳಿಸಿದ.

ಒಂಬತ್ತನೆಯ ಜಾಗ ಯಾರೋ ಹೊಸಬಳಿಗೆ ಹೋಯಿತು. ಒರೆಗಲ್ಲು ಅವಳ ಲೆವೆಲಿನ ಬಗ್ಗೆ ಉದ್ದಕ್ಕೆ ಬರೆದ, ಕಲ್ಲುಗಳನ್ನು ಆರಿಸಿ ಆರಿಸಿ ತೋರಿಸಿದ. ಯಾರೂ ಉತ್ತರ ಕೊಡಲಿಲ್ಲ. ಮಂಕ ಈಗಲೂ ಅಕ್ಕನ ಮನೆಗೆ ಬರುತ್ತಾನೆ, ಭಾವ ಕೆಲಸಕ್ಕೆ ಹೋದ ಹೊತ್ತು ನೋಡಿಕೊಂಡು.